ದಾರ ಕಡಿದರೆ ನಿಲ್ಲುವ ಗಾಡಿ

ಕಳೆದ ತಿಂಗಳು ಕಣ್ಣು ತೋರಿಸಲು ಪರೇಲ್‌ಗೆ ಹೋಗಿದ್ದೆ. ಡಾಕ್ಟರು ಕಣ್ಣಿಗೆ ಹನಿ ಬಿಟ್ಟಿದ್ದರು. ಎದುರಿಗೆ ಬರುವವರೆಲ್ಲ ಮಬ್ಬು ಮಬ್ಬಾಗಿ ಕಾಣುತ್ತಿದ್ದರು. ಗೋಡೆ ಹಿಡಿದುಕೊಂಡು ಸ್ಟೇಷನ್ ಕಡೆಗೆ ಬರುತ್ತಿದ್ದಾಗ ಮೂಗಿಗೆ ಒಂದು ವಾಸನೆ ಬಂತು. ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ. ಫುಟ್‌ಪಾತಿನಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಮೊಬೈಲ್ ರಿಪೇರಿಯವನು, ನಾನು ನಿಂತಿದ್ದು ನೋಡಿ, "ಆಂಟಿ, ಫೋನ್ ದಿಖಾವ್" ಎಂದ. ನನ್ನ ಫೋನಿಗೇನೂ ಆಗಿಲ್ಲ, ಮೂವತ್ತು ಚಿಲ್ಲರೆ ವರ್ಷ ಹಿಂದಕ್ಕೆ ಹೋಗಿ ನಿಂತಿದ್ದೇನೆ ಎಂದರೆ ಅವನು ನಗುತ್ತಿದ್ದ. ಸುಮ್ಮನೆ ಇನ್ನೊಂದು ಸಲ ಉಸಿರೆಳೆದುಕೊಂಡು ಮುಂದೆ ಬಂದೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಮೈಸೂರಿನಿಂದ ಮದುವೆಯಾಗಿ ಬಂದ ನಾನು ವಡಾಲದ ಕಾಲೊನಿಯೊಂದರಲ್ಲಿ ಸಂಸಾರ ಹೂಡಿ, ಉಪನಗರದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಿದ್ದೆ. ಆ ಜೂನ್‌ನಲ್ಲಿ ರೋಬಾಟಿಕ್ಸ್ ಎಂಬ ಐಚ್ಛಿಕ ವಿಷಯ ಹೊಸದಾಗಿ ಶುರುವಾಯಿತು. ಬೇರೆ ಯಾರೂ ಒಪ್ಪಲಿಲ್ಲವಾಗಿ ಅದು ನನ್ನ ತಲೆಗೆ ಬಂತು. ನಾನು ಅದುವರೆಗೆ ಕಣ್ಣಾರೆ ಕಂಡಿದ್ದ ರೋಬಾಟ್ ಒಂದೇ. ನಮ್ಮ ಲ್ಯಾಬಿನ ಗಾಜಿನ ಬೀರುವಿನಲ್ಲಿ ಬೀಗ ಹಾಕಿ ಕೂರಿಸಿದ್ದ ವಿದೇಶಿ ಯಂತ್ರದ ತೋಳು. ಯಾರೋ ಪುಣ್ಯಾತ್ಮರು ದಾನ ಕೊಟ್ಟಿದ್ದು. ಅದರ ಒಂದು ಹಲ್ಲು ಮುರಿದರೂ ಬಿಡಿಭಾಗ ಹಡಗಿನಲ್ಲಿ ಬರಬೇಕೆಂದು ನಮ್ಮ ವಿಭಾಗದ ಮುಖ್ಯಸ್ಥರಾದ ದೇಶಪಾಂಡೆ ಸರ್ ಅದಕ್ಕೆ ಕರೆಂಟು ಕೊಡಲೂ ಬಿಡುತ್ತಿರಲಿಲ್ಲ. "ದೇಖ್‌ನೇ ಕಾ, ಛೂನೇ ಕಾ ನಹೀ" ಎನ್ನುತ್ತಿದ್ದರು. ವಿದ್ಯಾರ್ಥಿಗಳು ಸಾಲಾಗಿ ನಿಂತು ಬೀರುವಿನ ದರ್ಶನ ಪಡೆದು ಹೋಗುತ್ತಿದ್ದರು. ತೀರ್ಥ ಕೊಡುವುದೊಂದು ಬಾಕಿ. ಆಮೇಲೆ ಪುಸ್ತಕದ ಚಿತ್ರ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಕಕ್ಕುತ್ತಿದ್ದರು. ಎರಡೇ ವಾರದಲ್ಲಿ ನನಗೆ ನನ್ನ ಪಾಠದ ಮೇಲೇ ಅಸಹ್ಯ ಹುಟ್ಟಿತು.

ಸರ್ ಹತ್ತಿರ ಹೋಗಿ ಜಗಳವೇ ಆಡಿದೆ. ನಮಗೆ ಬೇಕಾದ್ದು ಬೀರುವಿನ ದೇವರಲ್ಲ, ಹುಡುಗರು ಬಿಚ್ಚಿ, ಕೆಡಿಸಿ, ಮತ್ತೆ ಜೋಡಿಸಬಹುದಾದ ಅಗ್ಗದ ರೋಬಾಟ್. ಅದು ತಾನಾಗಿ ನೋಡಬೇಕು, ತಾನಾಗಿ ದಾರಿ ಹಿಡಿಯಬೇಕು. ಕೆಟ್ಟರೆ ಯಾರೂ ಅಳಬಾರದು. ಅಂಥದ್ದನ್ನು ಇಲ್ಲೇ, ಈ ಊರಿನಲ್ಲಿ ಸಿಗುವ ಸಾಮಾನಿನಲ್ಲೇ ಮಾಡಿ ತೋರಿಸುತ್ತೇನೆ ಎಂದುಬಿಟ್ಟೆ. ಬಾಯಿ ನನ್ನದು, ಆಡಿಬಿಟ್ಟ ಮೇಲೆ ಹಿಂದಕ್ಕೆ ಬರುವ ಜಾತಿಯದಲ್ಲ. ಸರ್ ಕೆಟ್ಟವರೇನಲ್ಲ. ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದ ಸಮಿತಿ ಬರುತ್ತದೆ, ಅಷ್ಟರೊಳಗೆ ಮಾಡಿ ತೋರಿಸಿದರೆ ಲ್ಯಾಬಿಗೆ ಮಂಜೂರಾತಿ, ಇಲ್ಲದಿದ್ದರೆ ಈ ವಿಷಯವೇ ರದ್ದು ಎಂದರು.

ಅದೇ ಮಳೆಗಾಲದಲ್ಲಿ ನನಗೆ ಬಸಲಿಂಗಪ್ಪನವರ ಪರಿಚಯವಾದದ್ದು. ಒಂದು ದಿನ ಲ್ಯಾಬಿನಲ್ಲಿ ಕಾದ ಬೆಸುಗೆ ಕಬ್ಬಿಣದ ತುದಿ ತಾಗಿ ಕೈ ಸುಟ್ಟುಕೊಂಡು, "ಥೂ, ದರಿದ್ರದ್ದೇ!" ಎಂದು ಜೋರಾಗಿ ಬೈದೆ. ಮೂಲೆಯಲ್ಲಿ ಕಸ ಗುಡಿಸುತ್ತಿದ್ದವರು ಪೊರಕೆ ನಿಲ್ಲಿಸಿ ನಕ್ಕರು.

"ನಮ್ಮ ಕಡೇರೇನ್ರಿ ಮೇಡಮ್ಮಾರ?"

"ಮೈಸೂರು ಕಣ್ರೀ. ನೀವು?"

"ಇಳಕಲ್ಲ ಬಾಜೂಕ ನಮ್ಮೂರ್ರಿ."

ವಯಸ್ಸು ನಲವತ್ತೈದರ ಮೇಲೆ. ಪರೇಲಿನ ಮಿಲ್ಲೊಂದರಲ್ಲಿ ಹತ್ತೊಂಬತ್ತು ವರ್ಷ ಮಗ್ಗಗಳ ರಿಪೇರಿ ಮಾಡಿದವರು. ಮುಷ್ಕರದಲ್ಲಿ ಮಿಲ್ಲು ನಿಂತದ್ದು ಮತ್ತೆ ಶುರುವಾಗಲಿಲ್ಲ. ವಾಚ್‌ಮನ್, ಹಮಾಲಿ, ಹೀಗೆ ಸಿಕ್ಕಸಿಕ್ಕ ಕೆಲಸ ಮಾಡಿ, ಈಗ ನಮ್ಮಲ್ಲಿ ದಿನಗೂಲಿ. ಮಗಳು ಕನ್ನಡ ಶಾಲೆಯಲ್ಲಿ ಒಂಬತ್ತನೇ ತರಗತಿ. ಲ್ಯಾಬು ಮಂಜೂರಾದರೆ ಒಂದು ಕಾಯಂ ಅಟೆಂಡರ್ ಹುದ್ದೆ ಬರುತ್ತದೆ, ಅದನ್ನು ಇವರಿಗೇ ಕೊಡೋಣ ಎಂದು ಸರ್ ಹೇಳಿದ್ದರು. ಬರದಿದ್ದರೆ ಮಾರ್ಚ್ ಕೊನೆಗೆ ಇವರ ಕೆಲಸ ಮುಗಿದಂತೆ.

"ಇದೂ ಹೋತಂದ್ರ ಊರಿಗಿ ಹೋಗಾದ್ರಿ" ಎಂದರು ಒಂದು ದಿನ, ಏನೂ ಆಗದವರ ಹಾಗೆ. "ನನ್ನದೇನೂ ಇಲ್ರಿ. ಮಗಳ ಸಾಲಿ ನಡುವ ನಿಂತ ಹೋಕ್ಕೈತಿ."

ಅಂದಿನಿಂದ ಡಿಸೆಂಬರಿಗೆ ಇನ್ನೆಷ್ಟು ದಿನ ಎಂದು ಕ್ಯಾಲೆಂಡರ್ ಎಣಿಸತೊಡಗಿದೆ. ನನ್ನ ಜಂಬಕ್ಕೆ ಶುರು ಮಾಡಿದ ಕೆಲಸದ ಮೇಲೆ ಇನ್ನೊಬ್ಬರ ಮನೆಯ ಹುಡುಗಿಯ ಓದು ಬಂದು ಕೂತಿತ್ತು.

ಈ ಕೆಲಸಕ್ಕೆ ನನ್ನ ಜೊತೆ ಸೇರಿದ ಇನ್ನೊಬ್ಬ ಕಿಶೋರ್ ಶೆಟ್ಟಿ, ಕೊನೆಯ ವರ್ಷದ ವಿದ್ಯಾರ್ಥಿ. ಬೊರಿವಲಿಯಲ್ಲಿ ಮನೆ, ಮನೆಯಲ್ಲಿ ತುಳು, ಕಾಲೇಜಿನಲ್ಲಿ ಹಿಂದಿ. ಕನ್ನಡ ಅರ್ಥವಾಗುತ್ತಿತ್ತು, ಮಾತಾಡುವುದೆಂದರೆ ಮಾತ್ರ ಗಂಟಲಲ್ಲಿ ಕಡುಬು. ಆದರೆ ಮೈಕ್ರೊಪ್ರೊಸೆಸರ್ ಎಂದರೆ ಪ್ರಾಣ. ಅದರ ಕಿಟ್ಟನ್ನು ಟವೆಲಿನಲ್ಲಿ ಸುತ್ತಿ, ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಎದೆಗವಚಿಕೊಂಡು ತರುತ್ತಿದ್ದ. "ಮಗು ಅಂದ್ಕೊಂಡು ಒಬ್ಬ ಸೀಟು ಬಿಟ್ಟುಕೊಟ್ಟ, ಮೇಡಂ" ಎಂದು ಒಮ್ಮೆ ಹಿಂದಿಯಲ್ಲಿ ಹೇಳಿದ.

ರೋಬಾಟ್ ಎಂದರೆ ಒಂದು ಪುಟ್ಟ ಗಾಡಿ ಎಂದುಕೊಂಡು, ಅದರ ಸಾಮಾನಿಗಾಗಿ ಬಸಲಿಂಗಪ್ಪನವರನ್ನೂ ಸೇರಿಸಿಕೊಂಡು ನಾವು ಮೂವರೂ ಊರು ಸುತ್ತಿದೆವು. ಕುರ್ಲಾದ ಗುಜರಿಯಲ್ಲಿ ಹಳೆಯ ಟ್ಯಾಕ್ಸಿಗಳ ವೈಪರ್ ಮೋಟಾರು ಸಿಕ್ಕವು. ಮಳೆಯಲ್ಲಿ ಗಾಜು ಒರೆಸಿ ಸವೆದಿದ್ದರೂ ಗಟ್ಟಿ ಪಿಂಡಗಳು. ಲ್ಯಾಮಿಂಗ್ಟನ್ ರೋಡಿನಲ್ಲಿ ಬೆಳಕು ಕಂಡರೆ ಗುಣ ಬದಲಾಯಿಸುವ ಬಟಾಣಿ ಕಾಳಿನಷ್ಟು ಕಣ್ಣುಗಳು ಸಿಕ್ಕವು. ಕೆಳಗೆ ಹಾಕಲು ಅಲ್ಯೂಮಿನಿಯಂ ತಟ್ಟೆ, ಮೇಲೆ ಸ್ಕೂಟರ್ ಬ್ಯಾಟರಿ. ಲ್ಯಾಬಿನ ನೆಲ ಕಪ್ಪು ಕಡಪ ಕಲ್ಲಿನದು. ಅದರ ಮೇಲೆ ಅಂಟಿಸಲು ಬಸಲಿಂಗಪ್ಪ ಮಂಚಕ್ಕೆ ನೇಯುವ ಬಿಳಿ ನವಾರು ತಂದರು. ಆ ಬಿಳಿ ಪಟ್ಟಿಯನ್ನು ಮೂರು ಕಣ್ಣುಗಳಿಂದ ನೋಡುತ್ತಾ ಗಾಡಿ ತಾನಾಗಿ ಹೋಗಬೇಕು. ಪಟ್ಟಿ ಎಡಕ್ಕೆ ಸರಿದರೆ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಎರಡು ಪಟ್ಟಿಗಳು ಅಡ್ಡ ಹಾಯ್ದ ಕಡೆ ಮೂರೂ ಕಣ್ಣಿಗೆ ಬಿಳುಪು ಕಂಡರೆ, ನೇರ ದಾಟಬೇಕು. ಇದಿಷ್ಟೇ ಅದರ ಬುದ್ಧಿ.

ಕಿಶೋರ್ ಆ ಬುದ್ಧಿಯನ್ನು ಒಂದು ಚಿಪ್ಪಿನೊಳಗೆ ತುಂಬಿ ತಂದ. ಆ ಚಿಪ್ಪಿನ ನೆತ್ತಿಯ ಮೇಲೆ ಒಂದು ಪುಟ್ಟ ಗಾಜಿನ ಕಿಟಕಿ ಇರುತ್ತದೆ. ಬಿಸಿಲು ಬೀಳುತ್ತಾ ಹೋದರೆ ಕಲಿತದ್ದೆಲ್ಲ ಮರೆತುಬಿಡುತ್ತದೆ. ಕಿಟಕಿ ಮುಚ್ಚಲು ಕೈಗೆ ಏನೂ ಸಿಗದೆ ನಾನು ನನ್ನ ಹಣೆಯ ಸ್ಟಿಕರ್ ತೆಗೆದು ಅದಕ್ಕೆ ಅಂಟಿಸಿದೆ. ಬಸಲಿಂಗಪ್ಪ ಕೈ ಮುಗಿದರು.

"ಮುತ್ತೈದಿ ಆದಳ ನೋಡ್ರಿ. ಇನ್ನ ಚಲೋ ನಡೀತಾಳ."

ನಡೆಯಲಿಲ್ಲ. ಜುಲೈ ಪೂರ್ತಿ ಥಂಡಿ ಗಾಳಿಗೆ ಬೆಸುಗೆಗಳೆಲ್ಲ ಹಸಿರು ಕಟ್ಟಿದವು. ಹಾರ್ಬರ್ ಲೈನಿನ ರೈಲು ಹಳಿಯ ಮೇಲೆ ನೀರು ನಿಂತು ನಾನು ಮೂರು ದಿನ ಕಾಲೇಜಿಗೇ ಹೋಗಲಾಗಲಿಲ್ಲ. ಆಗಸ್ಟಿನಲ್ಲಿ ನಡೆಯಿತು, ಆದರೆ ಸಂಜೆ ನಾಲ್ಕರ ಬಿಸಿಲು ಪಶ್ಚಿಮದ ಕಿಟಕಿಯಿಂದ ಬಿದ್ದರೆ ಸಾಕು, ನವಾರನ್ನು ಬಿಟ್ಟು ಬಿಸಿಲಿನ ಪಟ್ಟೆಯ ಹಿಂದೆ ಹೊರಟುಬಿಡುತ್ತಿತ್ತು. ಅದಕ್ಕೆ ಬಸಲಿಂಗಪ್ಪ ಫೋಟೊ ಸ್ಟುಡಿಯೊದವರು ಎಸೆದ ರೀಲಿನ ಕಪ್ಪು ಡಬ್ಬಿಗಳನ್ನು ತಂದು, ತಳ ಕತ್ತರಿಸಿ, ಒಂದೊಂದು ಕಣ್ಣಿಗೂ ಕುದುರೆಗೆ ಕಟ್ಟುವಂಥ ಮರೆ ಕಟ್ಟಿದರು. ಪುಸ್ತಕದಲ್ಲಿ ಎಲ್ಲೂ ಬರೆದಿರದ ಪರಿಹಾರ. ನಾನು ಎಂ.ಟೆಕ್. ಓದಿದವಳು ಪಕ್ಕದಲ್ಲಿ ನಿಂತು ಕತ್ತರಿ ಹಿಡಿದುಕೊಟ್ಟೆ.

ಗಣಪತಿ ಹಬ್ಬ ಕಳೆದ ಮೇಲಿನ ಒಂದು ಮಧ್ಯಾಹ್ನ ಅದು ಮೊದಲ ಸಲ ಪೂರ್ತಿ ಹಾದಿ ಹೋಯಿತು. ಸ್ವಿಚ್ಚು ಹಾಕಿದ ಕಿಶೋರ್ ಕೈ ಹಿಂದೆಗೆದ. ಯಾರೂ ಮುಟ್ಟಲಿಲ್ಲ, ಯಾರೂ ತಳ್ಳಲಿಲ್ಲ. ತಿರುವಿನ ಹತ್ತಿರ ಬಂತು. ಒಂದು ಕ್ಷಣ ತಡೆಯಿತು, ಯೋಚಿಸಿದ ಹಾಗೆ, ಮತ್ತೆ ಮೆಲ್ಲಗೆ ತಿರುಗಿತು. ಒಳಗಿರುವುದೆಲ್ಲ ನಾನೇ ಜೋಡಿಸಿದ್ದು, ಪ್ರತಿ ತಂತಿಯೂ ಗೊತ್ತು, ಆದರೂ ಅದು ತಿರುಗಿದಾಗ ನಂಬಲಾಗಲಿಲ್ಲ. ಮಗು ಮೊದಲ ಹೆಜ್ಜೆ ಇಟ್ಟಾಗ, ಹೆತ್ತವಳಿಗೆ ಎಲ್ಲ ಗೊತ್ತಿದ್ದೂ ಬೆರಗಾಗುತ್ತದಲ್ಲ, ಹಾಗೆ. ಕಿಶೋರ್ ಪಿಸುಗುಟ್ಟಿದ: "ಮೇಡಂ, ಅದು... ಕ್ಯಾ ಬೋಲ್ತೆ... ನೋಡ್ತಾ ಉಂಟು."

ಒಂದು ದೋಷ ಮಾತ್ರ ಉಳಿದಿತ್ತು. ಪಟ್ಟಿ ಎಲ್ಲಾದರೂ ತಪ್ಪಿದರೆ ಗಾಡಿ ಹುಚ್ಚು ಹಿಡಿದಂತೆ ಓಡುತ್ತಿತ್ತು. ಒಮ್ಮೆ ದೇಶಪಾಂಡೆ ಸರ್ ಪಾದದ ಮೇಲೆಯೇ ಹತ್ತಿತು. ಅದು ದಾರಿಯನ್ನು ಹುಡುಕಿಕೊಳ್ಳುವ ಹಾಗೆ ಮಾಡಬೇಕೆಂದು ನಾನೂ ಕಿಶೋರನೂ ಪುಟಗಟ್ಟಲೆ ಬರೆದು ಹರಿದೆವು. ಬಸಲಿಂಗಪ್ಪ ನೋಡಿ ನೋಡಿ ಸಾಕಾಗಿ ಬಾಯಿ ಬಿಟ್ಟರು.

"ಮೇಡಮ್ಮಾರ, ಮಗ್ಗಕ್ಕ ಕಣ್ಣ ಇಲ್ರಿ. ಆದ್ರ ದಾರ ಕಡದದ್ದು ಅದಕ್ಕ ಗೊತ್ತಾಕ್ಕೈತಿ."

"ಹೇಗ್ರೀ?"

"ಎಳಿ ಎಳಿಗೂ ಒಂದೊಂದ ತೆಳ್ಳನ ತಗಡ ಜೋತಬಿದ್ದಿರತೈತ್ರಿ. ದಾರ ಕಡೀತಂದ್ರ ತಗಡ ಕೆಳಗ ಬೀಳತೈತಿ, ಮಗ್ಗ ಗಪ್ಪನ ನಿಲ್ಲತೈತಿ. ಅದೇನ ಹುಡಕಾಕ ಹೋಗೂದಿಲ್ಲ. ನಾವ್ ಹೋಗಿ ಕೂಡಸ್ತೀವಿ, ಮತ್ತ ನಡೀತೈತಿ. ನಿಮ್ಮ ಗಾಡಿಗಿ ಓಡೂದ ಕಲಿಸೀರಿ, ನಿಲ್ಲೂದ ಕಲಿಸಿಲ್ಲ."

ನಾನೂ ಕಿಶೋರನೂ ಮುಖ ಮುಖ ನೋಡಿಕೊಂಡೆವು. ಮೂರೂ ಕಣ್ಣಿಗೆ ಬಿಳುಪು ಕಾಣದಿದ್ದರೆ ನಿಲ್ಲು, ಕೆಂಪು ದೀಪ ಹಚ್ಚು, ಬಿಳುಪು ಮತ್ತೆ ಕಂಡರೆ ಹೊರಡು. ಬರೆಯಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಅವತ್ತು ವಡಾಲಕ್ಕೆ ಹಿಂದಿರುಗುವ ಲೋಕಲ್ಲಿನಲ್ಲಿ ಕೂತು, ಈ ಊರಿನಲ್ಲಿ ನಿಂತುಹೋದ ಮಿಲ್ಲುಗಳ ಹೊಗೆ ಕೊಳವೆಗಳನ್ನು ನೋಡುತ್ತಾ, ಆ ಗೋಡೆಗಳಿಂದ ಹೊರಬಿದ್ದ ಎಷ್ಟು ಸಾವಿರ ಜನರ ತಲೆಯಲ್ಲಿ ಇಂಥ ಎಷ್ಟು ವಿದ್ಯೆ ಪೊರಕೆ ಹಿಡಿದು ಓಡಾಡುತ್ತಿದೆಯೋ ಎಂದುಕೊಂಡೆ. ನನಗೆ ನಾಚಿಕೆಯೂ ಆಯಿತು.

ಡಿಸೆಂಬರ್ ಬಂತು. ಸಮಿತಿ ಬರುವ ದಿನ ಕಾಲೇಜಿಗೆ ತೋರಣ, ಹೂಕುಂಡ. ಪ್ರಿನ್ಸಿಪಾಲರು ಲ್ಯಾಬಿನ ಮುಂದೆ ದೊಡ್ಡದಾಗಿ ರಂಗೋಲಿ ಹಾಕಿಸಿ ಎಂದು ಹೇಳಿ ಕಳಿಸಿದ್ದರು. ಹಾಕಿಸುವುದೇನು, ಮೈಸೂರಿನವಳು ನಾನೇ ಇದ್ದೇನಲ್ಲ ಎಂದು ಬೆಳಗ್ಗೆ ಏಳೂವರೆಗೇ ಹೋಗಿ, ಸೆರಗು ಸಿಕ್ಕಿಸಿ ಕೂತೆ. ಕಾರಿಡಾರಿನ ತುಂಬ ಅಗಲವಾಗಿ, ಮಾರುದ್ದ ಮಾರುದ್ದ ಬಿಟ್ಟು ಹನ್ನೆರಡು ಚುಕ್ಕಿಯಿಟ್ಟು, ಒಂದೇ ಎಳೆಯಲ್ಲಿ ಎಲ್ಲವನ್ನೂ ಸುತ್ತಿ ಬರುವ ರಂಗೋಲಿ ಹಾಕಿದೆ. ಎಳೆ ಸಣ್ಣದಾದರೆ ದೂರಕ್ಕೆ ಕಾಣುವುದಿಲ್ಲವೆಂದು ಎರಡು ಬೆರಳು ದಪ್ಪಕ್ಕೆ ಎಳೆದೆ. ಸಾಲದೆಂದು ಅದರಿಂದ ಒಂದು ಬಳ್ಳಿ ಎಳೆದು ಲ್ಯಾಬಿನ ಬಾಗಿಲವರೆಗೂ ತಂದೆ. ಆ ಬಾಗಿಲಿಗೆ ಹೊಸ್ತಿಲಿರಲಿಲ್ಲ. ಎದ್ದು ನಿಂತು ನೋಡಿ ನನ್ನ ಕೈಗೆ ನಾನೇ ಶಭಾಸ್ ಎಂದುಕೊಂಡೆ.

ಆರು ತಿಂಗಳು ಕಪ್ಪು ಕಲ್ಲಿನ ಮೇಲೆ ಬಿಳಿ ಗೆರೆ ಬಿಟ್ಟರೆ ಬೇರೆ ಧ್ಯಾನವಿಲ್ಲದವಳು ನಾನು. ಕಾರಿಡಾರೂ ಕಡಪ ಕಲ್ಲೇ, ಪುಡಿಯೂ ಬಿಳಿಯೇ. ಆ ಎರಡನ್ನೂ ಕೂಡಿಸಿ ನೋಡಬೇಕೆಂದು ಹೊಳೆಯಲೇ ಇಲ್ಲ. ಬೆರಳಿಗೆ ಪುಡಿ ಹಿಡಿದ ಕೂಡಲೆ ನಾನು ಲೆಕ್ಚರರ್ ಆಗಿ ಉಳಿದಿರಲಿಲ್ಲ, ಮಾರ್ಗಶಿರದ ಮುಂಜಾನೆಯ ಹುಡುಗಿಯಾಗಿದ್ದೆ. ಬಸಲಿಂಗಪ್ಪ, ಕಿಶೋರ್, ಸರ್ ಎಲ್ಲರೂ ಆ ರಂಗೋಲಿಯನ್ನು ಜೋಪಾನವಾಗಿ ಸುತ್ತುಬಳಸಿ ಒಳಗೆ ಬಂದರು. ಒಬ್ಬರಿಗೂ ಹೊಳೆಯಲಿಲ್ಲ.

ಸಮಿತಿಯಲ್ಲಿ ಮೂವರು. ಅಧ್ಯಕ್ಷರು ಬೆಳ್ಳಗೆ ತಲೆ ನರೆತ ಪ್ರೊಫೆಸರು, ಮಾತು ಕಡಿಮೆ. ಬೀರುವಿನ ತೋಳನ್ನು ನೋಡಿ, ಇದನ್ನು ಎಷ್ಟು ವಿದ್ಯಾರ್ಥಿಗಳು ನಡೆಸಿದ್ದಾರೆ ಎಂದು ಕೇಳಿದರು. ದೇಶಪಾಂಡೆ ಸರ್ ಕೆಮ್ಮಿದರು. ಕಿಶೋರ್ ಗಾಡಿಯನ್ನು ನವಾರಿನ ಮೇಲಿಟ್ಟ. ಚೆನ್ನಾಗಿ ಹೋಯಿತು. ತಿರುವು ತಿರುಗಿತು, ಅಡ್ಡ ಪಟ್ಟಿ ದಾಟಿತು. ಬಾಗಿಲ ಬಳಿ ನವಾರು ಮುಗಿಯುತ್ತದೆ, ಅಲ್ಲಿ ನಿಂತು ದೀಪ ಹಚ್ಚುತ್ತದೆ ಎಂದು ನಾನು ಗತ್ತಿನಿಂದ ವಿವರಿಸುತ್ತಿದ್ದೆ.

ನಿಲ್ಲಲಿಲ್ಲ. ನಾನು ಎಳೆದ ಬಳ್ಳಿ ಹಿಡಿದು ಬಾಗಿಲು ದಾಟಿ ಹೊರಗೆ ಹೋಯಿತು.

"ಅಯ್ಯೋ, ರಂಗೋಲಿ!" ಎಂದೆ. ಗಟ್ಟಿಯಾಗಿಯೇ ಅಂದೆ. ಕಿಶೋರ್ ಹಿಡಿಯಲು ಓಡಿದ. ಅಧ್ಯಕ್ಷರು ಕೈಯೆತ್ತಿ ಅವನನ್ನು ತಡೆದು, ಬಿಡಿ, ನೋಡೋಣ ಎಂದರು. ನಾವೆಲ್ಲ ಕಾರಿಡಾರಿಗೆ ಬಂದೆವು. ನನ್ನ ಕಣ್ಣು ಬಸಲಿಂಗಪ್ಪನವರ ಕಡೆ ಹೋಯಿತು. ಅವರು ಗೋಡೆಗೆ ಒತ್ತಿ ನಿಂತಿದ್ದರು. ಕೆಲಸ ಹೋಗುವ ಮಾರ್ಚ್ ತಿಂಗಳು ಅವರ ಮುಖದಲ್ಲಿ ಕಾಣುತ್ತಿತ್ತು.

ಗಾಡಿ ಮೊದಲ ಚುಕ್ಕಿಯನ್ನು ಸುತ್ತಿತು. ಗೆರೆ ಅಡ್ಡ ಬಂದ ಕಡೆ ನೇರ ದಾಟಿತು. ಇನ್ನೊಂದು ಚುಕ್ಕಿ ಸುತ್ತಿತು, ಮತ್ತೆ ದಾಟಿತು. ನನಗೆ ಭಯ ಇಳಿದು ಬೇರೇನೋ ಆಗತೊಡಗಿತು. ಚಿಕ್ಕಂದಿನಲ್ಲಿ ಅಮ್ಮ ನನ್ನ ಕೈ ಹಿಡಿದು ಬಿಡಿಸುವಾಗ ಹೇಳಿಕೊಟ್ಟದ್ದು ಇಷ್ಟೇ: ಚುಕ್ಕಿ ಸಿಕ್ಕರೆ ಸುತ್ತು, ಗೆರೆ ಸಿಕ್ಕರೆ ದಾಟು. ನಾವು ಆರು ತಿಂಗಳು ತಲೆ ಕೆಡಿಸಿಕೊಂಡು ಚಿಪ್ಪಿನೊಳಗೆ ಬರೆದದ್ದೂ ಅದೇ ಆಗಿತ್ತು. ಅಮ್ಮನಿಗೆ ಇಂಗ್ಲಿಷಿನ ಎ ಬಿ ಸಿ ಬರುತ್ತಿರಲಿಲ್ಲ. ಈ ಟ್ಯಾಕ್ಸಿಯ ಮೋಟಾರಿನ ಗಾಡಿ, ಯಾರೂ ಹೇಳಿಕೊಡದೆ, ಅಮ್ಮನ ಕೈ ಹೋದ ಹಾದಿಯಲ್ಲೇ ಹೋಗುತ್ತಿತ್ತು. ಕಣ್ಣಲ್ಲಿ ನೀರು ತುಂಬಿತು. ಅಷ್ಟು ಜನ ಗಂಡಸರ ಮುಂದೆ ಅತ್ತೆ, ನಾಚಿಕೆಯೇನೂ ಆಗಲಿಲ್ಲ.

ಏಳನೆಯ ಚುಕ್ಕಿ ದಾಟಿದ ಮೇಲೆ ಅದು ಥಟ್ಟನೆ ನಿಂತಿತು. ಕೆಂಪು ದೀಪ ಹತ್ತಿತು. ದೇಶಪಾಂಡೆ ಸರ್ ಹಣೆಯ ಬೆವರು ಒರೆಸಿಕೊಂಡರು. ಸಮಿತಿಯ ಇನ್ನೊಬ್ಬರು, ಕೆಟ್ಟಿತಲ್ಲ ಎಂದರು.

"ಕೆಟ್ಟಿಲ್ರಿ ಸಾಹೇಬ್ರ, ದಾರ ಕಡದೈತಿ" ಎಂದು ಬಸಲಿಂಗಪ್ಪ ಗೋಡೆ ಬಿಟ್ಟು ಮುಂದೆ ಬಂದರು. ಕನ್ನಡದಲ್ಲೇ ಅಂದು, ಆಮೇಲೆ ನೆನಪಾಗಿ ಹಿಂದಿಯಲ್ಲಿ, "ಧಾಗಾ ಟೂಟಾ ಹೈ" ಎಂದರು.

ನಿಜ. ಗಾಡಿಯ ಚಕ್ರವೇ ಮೊದಲೊಮ್ಮೆ ಅಡ್ಡ ಹಾಯುವಾಗ ಆ ಜಾಗದ ಎಳೆಯನ್ನು ಒರೆಸಿಬಿಟ್ಟಿತ್ತು. ಒಂದು ಗೇಣು ಗೆರೆ ಇರಲಿಲ್ಲ. ಬಸಲಿಂಗಪ್ಪ ಚಪ್ಪಲಿ ಕಳಚಿ ಬದಿಗಿಟ್ಟು, ರಂಗೋಲಿಯ ನಡುವೆ ತುದಿಗಾಲಲ್ಲಿ ಹೋಗಿ ಕುಕ್ಕರುಗಾಲಲ್ಲಿ ಕೂತರು. ನನ್ನ ಡಬ್ಬಿಯಿಂದ ಪುಡಿ ತೆಗೆದುಕೊಂಡರು. ಗಂಡಸು, ಜನ್ಮದಲ್ಲಿ ರಂಗೋಲಿ ಹಾಕಿದವರಲ್ಲ. ಹೆಬ್ಬೆರಳು ತೋರುಬೆರಳು ಕೂಡಿಸಿ, ಕಡಿದ ನೂಲಿಗೆ ಗಂಟು ಹಾಕುವವರ ಹಾಗೆ ಉಸಿರು ಹಿಡಿದು, ಈ ತುದಿಯಿಂದ ಆ ತುದಿಗೆ ಎಳೆ ಕೂಡಿಸಿ ಕೈ ತೆಗೆದರು. ದೀಪ ಆರಿತು. ಗಾಡಿ ಹೊರಟಿತು.

ಅದು ಇನ್ನೂ ಎರಡು ಕಡೆ ನಿಂತಿತು. ಎರಡು ಸಲವೂ ಅವರು ಕೂಡಿಸಿದರು. ಹನ್ನೆರಡು ಚುಕ್ಕಿ ಸುತ್ತಿ ಅದು ಹೊಕ್ಕ ಜಾಗಕ್ಕೇ ಬಂದಾಗ ಅಧ್ಯಕ್ಷರು ಬಗ್ಗಿ, ಈ ನಿಲ್ಲುವ ಬುದ್ಧಿ ಯಾರದು ಎಂದು ನನ್ನನ್ನು ಕೇಳಿದರು. ನಾನು ತೋರಿಸಿದೆ. ಅವರು ಬಸಲಿಂಗಪ್ಪನವರೊಡನೆ ಕಾಲು ಗಂಟೆ ಹಿಂದಿಯಲ್ಲಿ ಮಗ್ಗದ ವಿಷಯ ಮಾತಾಡಿದರು. ಸಮಿತಿಗೆಂದು ಮಾಡಿಸಿಟ್ಟಿದ್ದ ಬಟಾಟೆವಡೆ ಆರಿ ತಣ್ಣಗಾದವು.

ವಿಶ್ವವಿದ್ಯಾಲಯದ ಪತ್ರ ಬಂದದ್ದು ಮಾರ್ಚಿನಲ್ಲಿ, ಸೆಕೆ ಶುರುವಾಗಿತ್ತು. ಬಸಲಿಂಗಪ್ಪ ಅಷ್ಟರಲ್ಲಿ ಟ್ರಂಕು ಕಟ್ಟಲು ಹಗ್ಗ ತಂದಿಟ್ಟಿದ್ದರಂತೆ, ಆಮೇಲೆ ಹೇಳಿದರು. ನಾನು ಲ್ಯಾಬಿನಲ್ಲಿ ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಓದಿ ಹೇಳಿದೆ. ಲ್ಯಾಬಿಗೆ ಮಂಜೂರಾತಿ. ವಿದ್ಯಾರ್ಥಿಗಳೇ ಕಟ್ಟಿ ಕಲಿಯಲು ಇಂಥ ಆರು ಗಾಡಿಗಳು. ಕೆಳಗೆ ಇನ್ನೊಂದು ಸಾಲಿತ್ತು. ಅಟೆಂಡರ್ ಎಂಬ ಪದ ಅದರಲ್ಲಿರಲಿಲ್ಲ. ಪ್ರಯೋಗಾಲಯದಲ್ಲಿ ಕೈಕೆಲಸ ಕಲಿಸುವ ಹುದ್ದೆಯೊಂದನ್ನು ಕೊಟ್ಟಿದ್ದರು, ಅದಕ್ಕೆ ಇವರನ್ನೇ, ಹೆಸರು ಬರೆದು, ಓದಿನ ಷರತ್ತು ಸಡಿಲಿಸಿ ತೆಗೆದುಕೊಳ್ಳಬೇಕೆಂದಿದ್ದರು.

ಅವರು ಸ್ಟೂಲಿನಿಂದ ಎದ್ದು ಪತ್ರದ ಮೇಲೆ ಬಗ್ಗಿದರು. ಆಮೇಲೆ ಕೇಳಿದರು:

"ಅದ್ರಾಗ ನನ್ನ ಹೆಸರ ಎಲ್ಲೈತ್ರಿ ಮೇಡಮ್ಮಾರ? ತೋರಿಸ್ರಿ."

ಇಂಗ್ಲಿಷ್ ಅವರಿಗೆ ಓದಲು ಬರುತ್ತಿರಲಿಲ್ಲ. ಅವರ ಬೆರಳು ಹಿಡಿದು ಆ ಸಾಲಿನ ಮೇಲಿಟ್ಟೆ. ಅವರು ಬೆರಳನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಮೆಲ್ಲಗೆ ಜಾರಿಸಿಕೊಂಡು ಹೋದರು. ಮತ್ತೊಂದು ಸಲ ಹೋದರು.

"ಹತ್ತೊಂಬತ್ತ ವರ್ಷ ಮಿಲ್ಲಿನಾಗ ನನಗ ಬರೇ ನಂಬರ್ ಇತ್ರಿ" ಎಂದರು. "ನನ್ನ ಹೆಸರ ಇಷ್ಟ ಉದ್ದ ಐತೇನ್ರಿ?"